‘ಪರವಾಗಿಲ್ಲ’ ಎಂದರೆ ಎಷ್ಟು ಅಂಕ? ಹಾಸ್ಟೆಲ್ ವಾಸಿಗಳ ತೃಪ್ತಿ ಅಳೆಯುವ ಬಗೆ

ಹಾಸ್ಟೆಲ್ ಹೇಗಿದೆ ಎಂದು ಅಲ್ಲಿರುವ ವಿದ್ಯಾರ್ಥಿಯನ್ನು ಕೇಳಿ ನೋಡಿ. ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ಆ ಮಾತಿಗೆ ‘ಚೆನ್ನಾಗಿಯೇ ಇದೆ’ ಎಂಬ ಅರ್ಥವೂ ಉಂಟು, ‘ಹೇಳಿ ಏನು ಪ್ರಯೋಜನ, ಬಿಡಿ’ ಎಂಬ ಅರ್ಥವೂ ಉಂಟು. ಎರಡನ್ನೂ ಒಂದೇ ಅಂಕವಾಗಿ ಬರೆದುಕೊಂಡರೆ ಸಮೀಕ್ಷೆ ಅಲ್ಲಿಗೇ ಕೆಟ್ಟಿತು.

ನಾನು ಮೊದಲ ಸಲ ಇಂಥ ಸಮೀಕ್ಷೆಗೆ ಕೈಹಾಕಿದಾಗ ಮಾಡಿದ ತಪ್ಪೂ ಅದೇ. ಐದು ಆಯ್ಕೆಗಳ ನಟ್ಟನಡುವೆ ‘ಪರವಾಗಿಲ್ಲ’ ಎಂದು ಅಚ್ಚುಹಾಕಿಸಿದ್ದೆ. ಹೆಚ್ಚಿನ ಗುರುತುಗಳು ಅಲ್ಲೇ ಬಿದ್ದವು. ವರದಿ ಓದಿದ ಆಡಳಿತದವರು ‘ದೊಡ್ಡ ತಕರಾರೇನೂ ಇಲ್ಲವಲ್ಲ’ ಎಂದು ಸಮಾಧಾನಪಟ್ಟರು. ಮುಂದಿನ ವರ್ಷ ಅದೇ ಕಟ್ಟಡದಲ್ಲಿ ಕೊಠಡಿಗಳು ಖಾಲಿ ಬಿದ್ದವು. ಖಾಲಿ ಮಾಡಿ ಹೋದವರಲ್ಲಿ ಕೆಲವರನ್ನು ಆಮೇಲೆ ಮಾತನಾಡಿಸಿದೆ. ಅವರೂ ‘ಪರವಾಗಿಲ್ಲ’ಕ್ಕೇ ಗುರುತು ಹಾಕಿದ್ದವರು.

ಹಾಸ್ಟೆಲ್ ವಾರ್ಡನ್‌ಗಳು, ವಿಶ್ವವಿದ್ಯಾಲಯದ ವಸತಿ ವಿಭಾಗದವರು, ವಿದ್ಯಾರ್ಥಿ ಸಂಘದವರು, ಇದೇ ವಿಷಯದ ಮೇಲೆ ಪ್ರಬಂಧ ಬರೆಯುವವರು ಇವರೆಲ್ಲರಿಗೂ ಉಪಯೋಗಕ್ಕೆ ಬರಲಿ ಎಂದು, ಆಮೇಲೆ ಕಲಿತದ್ದನ್ನು ಕೆಲಸದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು: ಏನನ್ನು ಬದಲಿಸುವ ಅಧಿಕಾರವಿದೆ?

ಪ್ರಶ್ನಾವಳಿ ಬರೆಯಲು ಕೂರುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಈ ವರ್ಷವೇ ಬದಲಿಸಬಹುದಾದದ್ದು (ನೀರಿನ ಸಮಯ, ಸ್ವಚ್ಛತೆಯ ಪಾಳಿ, ರಿಪೇರಿಯ ವೇಗ), ಹಣ ಬಂದರೆ ಬದಲಿಸಬಹುದಾದದ್ದು (ಮಂಚ, ಹಾಸಿಗೆ, ಮೇಜು, ಕಿಟಕಿ), ಕಟ್ಟಡವನ್ನೇ ಕೆಡವಬೇಕಾದದ್ದು (ಕೊಠಡಿಯ ಅಳತೆ, ಕೊಠಡಿಗಳ ನಡುವಿನ ಓಣಿಯ ಉದ್ದ) ಎಂದು ಮೂರು ಭಾಗ ಮಾಡಿ. ಮೂರನೆಯ ಭಾಗದ ಪ್ರಶ್ನೆಗಳೂ ಇರಲಿ. ಮುಂದೆ ಕಟ್ಟುವ ಕಟ್ಟಡದ ವಾಸ್ತುಶಿಲ್ಪಿಗೆ ಕೊಡಲು ಅವು ಬೇಕು. ಆದರೆ ಮೊದಲ ಭಾಗದಲ್ಲಿ ಬರೆಯಲು ಏನೂ ಇಲ್ಲ ಎಂದಾದರೆ ಸಮೀಕ್ಷೆಯನ್ನೇ ಮುಂದೂಡಿ. ಕೇಳಿಸಿಕೊಂಡು ಸುಮ್ಮನಾಗುವವರಿಗೆ ಎರಡನೆಯ ಸಲ ಯಾರೂ ಬಾಯಿ ಬಿಡುವುದಿಲ್ಲ.

ಎಷ್ಟು ಆಳಕ್ಕೆ ಇಳಿಯಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ಜನ ವಾಸಕ್ಕೆ ಬಂದ ಮೇಲೆ ಕಟ್ಟಡದ ಗುಣಾವಗುಣ ಪರೀಕ್ಷಿಸುವ ಪದ್ಧತಿಯನ್ನು ವುಲ್ಫ್‌ಗ್ಯಾಂಗ್ ಪ್ರೈಸರ್ ಮತ್ತು ಸಂಗಡಿಗರು 1988ರಲ್ಲಿ ಮೂರು ಹಂತಗಳಾಗಿ ವಿಂಗಡಿಸಿದರು. ಒಂದೆರಡು ದಿನ ಓಡಾಡಿ, ಕೆಲವರನ್ನು ಮಾತನಾಡಿಸಿ ಮುಖ್ಯ ದೋಷಗಳನ್ನು ಗುರುತಿಸುವುದು ಮೊದಲನೆಯದು. ಕಂಡ ದೋಷವನ್ನು ಅಳತೆಗೋಲು ಹಿಡಿದು ವಿವರವಾಗಿ ಪರೀಕ್ಷಿಸುವುದು ಎರಡನೆಯದು. ತಿಂಗಳುಗಟ್ಟಲೆ ನಡೆಸಿ ಕಾರಣಕ್ಕೂ ಪರಿಣಾಮಕ್ಕೂ ಇರುವ ಸಂಬಂಧ ಹುಡುಕುವುದು ಮೂರನೆಯದು. ಒಂದು ಹಾಸ್ಟೆಲ್ಲಿನ ಕೆಲಸಕ್ಕೆ ಮೊದಲನೆಯದು ಪೂರ್ತಿ, ಎರಡನೆಯದು ಅಗತ್ಯವಿದ್ದಷ್ಟು ಮಾಡಿದರೆ ಸಾಕು. ಮೂರನೆಯದನ್ನು ಸಂಶೋಧಕರಿಗೆ ಬಿಡಿ.

ಬಾಯಿ ಬಿಡದೆ ಒಂದು ಸುತ್ತು

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಯಾರನ್ನೂ ಏನೂ ಕೇಳದೆ ಕಟ್ಟಡವನ್ನು ಸುತ್ತಿ. ಬೆಳಿಗ್ಗೆ ಸ್ನಾನದ ಹೊತ್ತಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಹನ್ನೊಂದರ ಮೇಲೆ ಒಮ್ಮೆ. ಜನ ದೂರು ಬರೆದಿರುವುದಿಲ್ಲ, ತಾವೇ ಏನೋ ಒಂದು ಉಪಾಯ ಮಾಡಿಕೊಂಡಿರುತ್ತಾರೆ. ಆ ಉಪಾಯಗಳನ್ನು ಓದಬೇಕು.

ಕಿಟಕಿಯ ಗಾಜಿಗೆ ಪೇಪರ್ ಅಂಟಿಸಿದ್ದಾರೆಯೇ? ಬಿಸಿಲು ನೇರ ಬೀಳುತ್ತಿರಬೇಕು, ಇಲ್ಲವೇ ಎದುರಿನ ಕಟ್ಟಡದಿಂದ ಒಳಗೆಲ್ಲ ಕಾಣುತ್ತಿರಬೇಕು. ಬಾಗಿಲ ಸಂದಿಗೆ ಬಟ್ಟೆ ತುರುಕಿದ್ದರೆ ಓಣಿಯ ಬೆಳಕೋ ಸದ್ದೋ ಒಳಗೆ ಬರುತ್ತಿದೆ. ಒಂದು ಪ್ಲಗ್ಗಿನಿಂದ ನಾಲ್ಕು ಎಕ್ಸ್‌ಟೆನ್ಷನ್ ಎಳೆದಿದ್ದರೆ ಇಬ್ಬರಿರುವ ಕಡೆ ಒಬ್ಬರಿಗೆ ಸಾಲುವಷ್ಟೇ ಪ್ಲಗ್ಗುಗಳಿವೆ, ಜೊತೆಗೆ ಬೆಂಕಿಯ ಭಯ. ಮಂಚದ ಸುತ್ತ ಬೆಡ್‌ಶೀಟಿನ ಪರದೆ ಕಟ್ಟಿಕೊಂಡಿದ್ದರೆ ಆ ಕೊಠಡಿಯಲ್ಲಿ ಒಬ್ಬರೇ ಇರಲು ಬೇರೆ ಮೂಲೆ ಇಲ್ಲ. ಓದುವ ಮೇಜಿನ ಮೇಲೆ ಬಟ್ಟೆಯ ರಾಶಿ, ಓದು ಮಂಚದ ಮೇಲೆ ಎಂದಾದರೆ ಬೀರು ಸಾಲುತ್ತಿಲ್ಲ ಅಥವಾ ಮೇಜಿನ ಮೇಲೆ ಬೆಳಕಿಲ್ಲ. ದೊಡ್ಡ ಖರ್ಚಿನಲ್ಲಿ ಮಾಡಿಸಿದ ಸಾಮೂಹಿಕ ಓದುಕೋಣೆ ಖಾಲಿ, ಮೆಟ್ಟಿಲ ಮೇಲೆ ಮಾತ್ರ ಗುಂಪು ಗುಂಪು ಜನ ಎಂಬುದೂ ಒಂದು ಉತ್ತರವೇ.

ಇವನ್ನೆಲ್ಲ ಮಹಡಿವಾರು ಬರೆದುಕೊಳ್ಳಿ. ಕೊಠಡಿಯ ಒಳಗಿನ ಫೋಟೊ ಬೇಕಿದ್ದರೆ ಅಲ್ಲಿರುವವರ ಒಪ್ಪಿಗೆ ಪಡೆಯಿರಿ, ಹೆಸರು ಮುಖ ಬೀಳದಂತೆ ತೆಗೆಯಿರಿ. ಇದು ತಪ್ಪು ಹುಡುಕುವ ತಪಾಸಣೆ ಅಲ್ಲ ಎಂದು ಮೊದಲೇ ಹೇಳಿರಬೇಕು. ಗೋಡೆಗೆ ಮೊಳೆ ಹೊಡೆದವನಿಗೆ ದಂಡ ಹಾಕಿದ ದಿನವೇ ನಿಮ್ಮ ಸಮೀಕ್ಷೆ ಮುಗಿದಂತೆ.

ಒಂದಿಷ್ಟು ಅಳತೆಗಳೂ ಜೊತೆಗಿರಲಿ. ಮಲಗುವ ಕೋಣೆಯ ಒಳಗೆ ರಾತ್ರಿಯ ಸರಾಸರಿ ಸದ್ದು 30 ಡೆಸಿಬೆಲ್ ಮೀರಬಾರದು, ಬಿಡಿಬಿಡಿಯಾಗಿ ಕೇಳುವ ಸದ್ದು 45 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ. ಓದುವ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕು ಸಾಮಾನ್ಯವಾಗಿ ಒಪ್ಪಿತವಾದ ಮಟ್ಟ. ಫೋನಿನ ಆ್ಯಪ್‌ನಲ್ಲಿ ಅಳೆದದ್ದು ಅಂದಾಜು ಮಾತ್ರ. ಆದರೂ ಒಂದೇ ಫೋನಿನಲ್ಲಿ ಎರಡು ಮಹಡಿಗಳನ್ನು ಹೋಲಿಸುವುದಕ್ಕೆ ಅಡ್ಡಿಯಿಲ್ಲ.

ಯಾವ ಯಾವ ವಿಷಯ ಕೇಳಬೇಕು

ಕೊಠಡಿ, ಸ್ನಾನಗೃಹ ಮತ್ತು ಶೌಚಾಲಯ, ನೀರು, ವಿದ್ಯುತ್ತು, ಇಂಟರ್ನೆಟ್, ಊಟ, ಸ್ವಚ್ಛತೆ, ಸದ್ದು, ಸುರಕ್ಷತೆ, ರಿಪೇರಿ, ನಿಯಮಗಳು, ಬಾಡಿಗೆ, ತರಗತಿಗೆ ಇರುವ ದೂರ: ಈ ಪಟ್ಟಿ ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದಿರುವುದು ಜನಗಳ ನಡುವಿನ ಸಂಗತಿ. ರೂಮ್‌ಮೇಟ್ ಜೊತೆ ಹೊಂದಾಣಿಕೆ, ಒಂಟಿಯಾಗಿರಬೇಕೆನಿಸಿದಾಗ ಜಾಗ ಸಿಗುತ್ತದೆಯೇ, ಹೊಸಬರಿಗೆ ಹಳಬರಿಂದ ಕಾಟವಿದೆಯೇ, ಸಿಬ್ಬಂದಿ ಮರ್ಯಾದೆಯಿಂದ ಮಾತನಾಡುತ್ತಾರೆಯೇ, ಕಷ್ಟ ಬಂದಾಗ ರಾತ್ರಿ ಯಾರ ಬಾಗಿಲು ತಟ್ಟಬಹುದು.

ಇದನ್ನು ಒತ್ತಿ ಹೇಳಲು ಕಾರಣವಿದೆ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞರಾದ ಆಂಡ್ರ್ಯೂ ಬಾಮ್ ಮತ್ತು ಸ್ಟುವರ್ಟ್ ವ್ಯಾಲಿನ್ಸ್ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಎರಡು ಬಗೆಯ ಹಾಸ್ಟೆಲ್‌ಗಳನ್ನು ಹೋಲಿಸಿದರು. ಒಂದರಲ್ಲಿ ಉದ್ದ ಓಣಿ, 34 ಮಂದಿಗೆ ಒಂದೇ ಸ್ನಾನಗೃಹ, ಒಂದೇ ಪಡಸಾಲೆ. ಇನ್ನೊಂದರಲ್ಲಿ ನಾಲ್ಕಾರು ಮಂದಿಗೊಂದು ಪಡಸಾಲೆ, ಅದರ ಸುತ್ತ ಕೊಠಡಿಗಳು. ತಲೆಗೆ ಸಿಗುವ ಜಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೂ ಉದ್ದ ಓಣಿಯವರಿಗೇ ಹೆಚ್ಚು ಇಕ್ಕಟ್ಟು ಎನಿಸುತ್ತಿತ್ತು, ಅವರು ಜನರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಬೇಡವೆನಿಸಿದಾಗಲೂ ಯಾರಾದರೂ ಎದುರಾಗುತ್ತಲೇ ಇದ್ದರು, ಅದನ್ನು ತಡೆಯುವುದು ಅವರ ಕೈಯಲ್ಲಿರಲಿಲ್ಲ. ‘ಕೊಠಡಿ ಸಾಕಷ್ಟು ದೊಡ್ಡದಿದೆಯೇ?’ ಎಂದಷ್ಟೇ ಕೇಳಿದ್ದರೆ ‘ಚಿಕ್ಕದು’ ಎಂಬ ಉತ್ತರ ಬರುತ್ತಿತ್ತು. ಅದನ್ನು ನಂಬಿ ಗೋಡೆ ಒಡೆಸಿದ್ದರೆ ದುಡ್ಡು ದಂಡ.

ಹತ್ತಿರದ ಬಾಗಿಲುಗಳು ಗೆಳೆತನವನ್ನೂ ಬೆಸೆಯುತ್ತವೆ ಎನ್ನಿ. ಅಮೆರಿಕದ ಎಂಐಟಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ)ಯ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರು ಯಾರಿಗೆ ಗೆಳೆಯರಾದರು ಎಂಬುದರಲ್ಲಿ ಬಾಗಿಲುಗಳ ನಡುವಿನ ದೂರಕ್ಕೂ ಮೆಟ್ಟಿಲು ಇರುವ ಜಾಗಕ್ಕೂ ದೊಡ್ಡ ಪಾತ್ರವಿತ್ತು. ಆದ್ದರಿಂದ ಉತ್ತರ ಕೊಟ್ಟವರ ಕೊಠಡಿ ಮೆಟ್ಟಿಲ ಪಕ್ಕದ್ದೋ, ಓಣಿಯ ತುದಿಯದ್ದೋ, ಸ್ನಾನಗೃಹಕ್ಕೆ ಅಂಟಿಕೊಂಡದ್ದೋ, ಮೇಲ್ಛಾವಣಿಯ ಕೆಳಗಿನದ್ದೋ ಎಂದು ಕೇಳಿ. ಕೊಠಡಿ ಸಂಖ್ಯೆ ಕೇಳಬೇಡಿ.

ಪ್ರಶ್ನೆಯ ಮಾತು

ಐದು ಆಯ್ಕೆಗಳ ಪದ್ಧತಿ 1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ ಬಳಕೆಗೆ ತಂದದ್ದು. ಈಗಲೂ ಅದೇ ಸಾಕು. ‘ತುಂಬ ಅತೃಪ್ತಿ, ಅತೃಪ್ತಿ, ಎರಡೂ ಅಲ್ಲ, ತೃಪ್ತಿ, ತುಂಬ ತೃಪ್ತಿ’ ಎಂದು ಪ್ರತಿ ಆಯ್ಕೆಗೂ ಮಾತಿನ ಹೆಸರು ಕೊಡಿ, ಬರೀ ಅಂಕಿ ಬೇಡ. ನಡುವಿನ ಆಯ್ಕೆಗೆ ‘ಪರವಾಗಿಲ್ಲ’ ಮಾತ್ರ ಎಂದಿಗೂ ಬೇಡ. ‘ನನಗೆ ಅನ್ವಯಿಸುವುದಿಲ್ಲ’ ಎಂಬ ಆಯ್ಕೆ ಪ್ರತ್ಯೇಕವಾಗಿರಲಿ. ಇಲ್ಲದಿದ್ದರೆ ಲಿಫ್ಟ್ ಬಳಸದ ನೆಲಮಹಡಿಯವರು ಸುಮ್ಮನೆ ನಡುವಿನ ಗುರುತು ಹಾಕಿ ನಿಮ್ಮ ಲೆಕ್ಕ ಕೆಡಿಸುತ್ತಾರೆ.

ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ. ‘ಶೌಚಾಲಯಗಳು ಸ್ವಚ್ಛವಾಗಿದ್ದು ಸಾಕಷ್ಟು ಸಂಖ್ಯೆಯಲ್ಲಿವೆಯೇ?’ ಎಂದರೆ, ಸ್ವಚ್ಛವಾದರೂ ಸಾಲದ ಕಡೆಯವರು ಏನು ಬರೆಯಬೇಕು? ‘ವಾರ್ಡನ್ ಅವರ ಸಹಕಾರ ನಿಮಗೆ ಎಷ್ಟು ತೃಪ್ತಿ ತಂದಿದೆ?’ ಎಂಬಂಥ, ಸಹಕಾರ ಸಿಕ್ಕೇ ಸಿಕ್ಕಿದೆ ಎಂದು ಮೊದಲೇ ಒಪ್ಪಿಕೊಂಡ ಪ್ರಶ್ನೆಯೂ ಬೇಡ. ‘ಗದ್ದಲವಿಲ್ಲ ಎಂಬುದನ್ನು ಒಪ್ಪುವುದಿಲ್ಲ’ ಎಂಬ ಜೋಡಿ ನಿಷೇಧ ಓದಿದವರಿಗೆ ತಲೆ ಗಿರ್ರೆನ್ನುತ್ತದೆ.

ಇನ್ನೊಂದು ಮಾತು. ತೃಪ್ತಿ ಅನ್ನುವುದು ನಿರೀಕ್ಷೆಯ ಜೊತೆ ಏರಿಳಿಯುತ್ತದೆ. ಎರಡು ವರ್ಷ ತಣ್ಣೀರಲ್ಲೇ ಮಿಂದವರು ಬಿಸಿನೀರಿನ ಆಸೆಯನ್ನೇ ಬಿಟ್ಟಿರುತ್ತಾರೆ, ಕೇಳಿದರೆ ಅತೃಪ್ತಿ ಕಾಣದು. ಅದಕ್ಕೆ ಭಾವನೆಯ ಪ್ರಶ್ನೆಯ ಪಕ್ಕದಲ್ಲೇ ನಡೆದದ್ದರ ಪ್ರಶ್ನೆಯೊಂದನ್ನು ಇಡಬೇಕು. ಹೀಗೆ:

ಕಳೆದ 7 ದಿನಗಳಲ್ಲಿ ಎಷ್ಟು ರಾತ್ರಿ ಸದ್ದಿನಿಂದ ಎಚ್ಚರವಾಯಿತು?
ನಿನ್ನೆ ಸ್ನಾನಕ್ಕೆ ಎಷ್ಟು ನಿಮಿಷ ಸರದಿಯಲ್ಲಿ ಕಾದಿರಿ?
ಕೊನೆಯ ಸಲ ಕೊಟ್ಟ ರಿಪೇರಿ ದೂರು ಎಷ್ಟು ದಿನಕ್ಕೆ ಸರಿಹೋಯಿತು?
ಕಳೆದ ವಾರ ಓದಲು ಕೊಠಡಿ ಬಿಟ್ಟು ಬೇರೆಡೆ ಎಷ್ಟು ಸಲ ಹೋದಿರಿ? ಏಕೆ?

‘ಕಳೆದ ವರ್ಷ’ ಎಂದು ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ.

ಒಟ್ಟಾರೆ ತೃಪ್ತಿಯ ಪ್ರಶ್ನೆ ಮೊದಲೇ ಬರಲಿ. ನಲ್ಲಿ, ಜಿರಳೆ, ಬೀಗಗಳ ಮೇಲೆ ಇಪ್ಪತ್ತು ಪ್ರಶ್ನೆ ಕೇಳಿ ಆಮೇಲೆ ‘ಒಟ್ಟಿನಲ್ಲಿ ಹೇಗಿದೆ?’ ಎಂದರೆ ನಲ್ಲಿ ಜಿರಳೆಗಳದ್ದೇ ಉತ್ತರ ಬರುತ್ತದೆ. ಆ ಒಂದೇ ಪ್ರಶ್ನೆಗೆ ಜೋತುಬೀಳಲೂ ಬೇಡಿ. ‘ಮುಂದಿನ ವರ್ಷವೂ ಇಲ್ಲೇ ಇರುತ್ತೀರಾ?’, ‘ಗೆಳೆಯರಿಗೆ ಇಲ್ಲಿಗೆ ಬಾ ಎನ್ನುತ್ತೀರಾ?’ ಇವೆರಡೂ ಜೊತೆಗಿದ್ದರೆ ‘ತೃಪ್ತಿ’ ಎಂದು ಬರೆದು ಜಾಗ ಖಾಲಿ ಮಾಡಲು ಕಾದಿರುವವರು ಕಣ್ಣಿಗೆ ಬೀಳುತ್ತಾರೆ.

ಯಾವುದು ಮುಖ್ಯ ಎಂದು ತಿಳಿಯಲು ಪ್ರತಿ ವಿಷಯಕ್ಕೂ ‘ಇದು ನಿಮಗೆ ಎಷ್ಟು ಮುಖ್ಯ?’ ಎಂದು ಕೇಳುವುದುಂಟು. ಎಲ್ಲರೂ ಎಲ್ಲಕ್ಕೂ ‘ತುಂಬ ಮುಖ್ಯ’ ಎನ್ನುತ್ತಾರೆ. ಬದಲಿಗೆ ಹದಿನಾಲ್ಕು ವಿಷಯ ಕೊಟ್ಟು, ಮೊದಲು ಸರಿಯಾಗಬೇಕಾದ ಮೂರನ್ನು ಮಾತ್ರ ಆರಿಸಲು ಹೇಳಿ. ಕೊನೆಯಲ್ಲಿ ಖಾಲಿ ಜಾಗ ಬಿಟ್ಟು ‘ನಾವು ಕೇಳಲು ಮರೆತದ್ದು ಏನು?’ ಎಂದು ಬರೆಯಿರಿ. ಇಷ್ಟೆಲ್ಲ ಸೇರಿ ಹತ್ತು ನಿಮಿಷದೊಳಗೆ ಮುಗಿಯಬೇಕು. ಎಂಟು ಹತ್ತು ಮಂದಿಗೆ ಮೊದಲೇ ಕೊಟ್ಟು, ಪಕ್ಕದಲ್ಲಿ ಕೂತು, ಎಲ್ಲಿ ತಡವರಿಸುತ್ತಾರೆ ನೋಡಿ ತಿದ್ದಿ.

ಯಾರನ್ನು, ಯಾವಾಗ, ಯಾರ ಕೈಯಿಂದ

ಇನ್ನೂರು ಮಂದಿಯ ಹಾಸ್ಟೆಲ್ಲಿಗೆ ಮಾದರಿ ಆರಿಸುವ ರಗಳೆ ಬೇಡ, ಎಲ್ಲರನ್ನೂ ಕೇಳಿ. ದೊಡ್ಡ ವಸತಿ ಸಮುಚ್ಚಯವಾದರೆ ಲೆಕ್ಕ ಬೇಕು. ಶೇ. 95ರ ವಿಶ್ವಾಸ ಮಟ್ಟ, ಶೇ. 5ರ ಹೆಚ್ಚುಕಡಿಮೆ (ಇಂಥ ನೂರು ಸಮೀಕ್ಷೆ ಮಾಡಿದರೆ ಸುಮಾರು ತೊಂಬತ್ತೈದರಲ್ಲಿ ಫಲಿತಾಂಶ ನಿಜಸ್ಥಿತಿಯಿಂದ ಶೇ. 5ಕ್ಕಿಂತ ಆಚೀಚೆ ಹೋಗದು) ಎಂದಿಟ್ಟುಕೊಂಡರೆ 600 ವಾಸಿಗಳಿಗೆ ಸುಮಾರು 235 ಉತ್ತರ, 5,000 ವಾಸಿಗಳಿಗೆ ಸುಮಾರು 357 ಉತ್ತರ ಸಾಕಾಗುತ್ತದೆ. ಆದರೆ ಈ ಲೆಕ್ಕ ನಿಲ್ಲುವುದು ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಿದಾಗ ಮಾತ್ರ. ವಾಟ್ಸ್ಆ್ಯಪ್ ಗುಂಪಿಗೆ ಲಿಂಕ್ ಹಾಕಿ ಬಂದಷ್ಟು ಬರಲಿ ಎಂದು ಕೂತರೆ, ಸಿಟ್ಟಿನವರೂ ಅಭಿಮಾನಿಗಳೂ ಬರೆಯುತ್ತಾರೆ, ನಡುವಿನವರು ಬರೆಯುವುದಿಲ್ಲ. ಅಂಥ 400ಕ್ಕಿಂತ ಆರಿಸಿ ಕೇಳಿದ 150 ಲೇಸು. ಮೊದಲ ಎರಡು ದಿನ ಬಂದ ಉತ್ತರಗಳನ್ನೂ ಮೂರು ಸಲ ನೆನಪಿಸಿದ ಮೇಲೆ ಬಂದವನ್ನೂ ಬೇರೆ ಬೇರೆ ಇಟ್ಟು ಹೋಲಿಸಿ ನೋಡಿ. ದೊಡ್ಡ ಅಂತರವಿದ್ದರೆ, ಬರೆಯದೇ ಉಳಿದವರು ತಡವಾಗಿ ಬರೆದವರ ಹಾಗಿರುವ ಸಂಭವ ಹೆಚ್ಚು.

ಬಿಟ್ಟುಹೋದವರನ್ನು ಮರೆಯಬೇಡಿ. ಕೊನೆಯ ವರ್ಷದವರು ಹೊಸಬರಿಗಿಂತ ತೃಪ್ತರಾಗಿ ಕಂಡರೆ ‘ಇರುತ್ತಾ ಇರುತ್ತಾ ಇಷ್ಟವಾಗುತ್ತದೆ’ ಎಂದು ಹಿಗ್ಗುವ ಮೊದಲು, ಇಷ್ಟವಾಗದವರು ಯಾವಾಗಲೋ ಗಂಟುಮೂಟೆ ಕಟ್ಟಿದ್ದಾರೆಯೇ ನೋಡಿ. ಖಾಲಿ ಮಾಡುವ ದಿನ ಬೀಗದ ಕೈ ವಾಪಸು ಪಡೆಯುವಾಗ ಎರಡೇ ಪ್ರಶ್ನೆ ಕೇಳಿದರೂ ವರ್ಷದ ಕೊನೆಗೆ ಬೆಲೆಯುಳ್ಳ ಕಂತೆ ಆಗುತ್ತದೆ.

ಸಮಯ: ಬಂದ ಮೊದಲ ತಿಂಗಳು ಬೇಡ, ಪರೀಕ್ಷೆಯ ಹಿಂದು ಮುಂದು ಬೇಡ. ಸೆಮಿಸ್ಟರಿನ ನಡುಭಾಗ ಸರಿ. ಬೇಸಿಗೆಯ ಸೆಕೆ, ಮಳೆಗಾಲದ ಸೋರಿಕೆ ಬೇರೆ ಬೇರೆ ಕಾಲದಲ್ಲಿ ಗೊತ್ತಾಗುವುದರಿಂದ ವರ್ಷಕ್ಕೆ ಎರಡು ಸಲ ಕೇಳಿದರೆ ಒಳ್ಳೆಯದು.

ಫಾರಂ ಹಂಚುವವರು ವಾರ್ಡನ್ ಆಗಿರಕೂಡದು. ಮುಂದಿನ ವರ್ಷ ಕೊಠಡಿ ಕೊಡುವ ಕೈಗೇ ದೂರು ಬರೆದು ಕೊಡಿ ಎಂದರೆ ಯಾರು ಕೊಡುತ್ತಾರೆ? ಹೆಸರಿಲ್ಲದ ಫಾರಂ ಎಂದ ಮಾತ್ರಕ್ಕೆ ಗುಟ್ಟು ಉಳಿಯುವುದೂ ಇಲ್ಲ. ಮಹಡಿ, ವಿಭಾಗ, ವರ್ಷ, ಊರು ಎಲ್ಲ ಕೇಳಿದರೆ ಬರೆದವರಾರು ಎಂದು ಐದು ನಿಮಿಷದಲ್ಲಿ ಪತ್ತೆಯಾಗುತ್ತದೆ. ಬಳಸದ ವಿವರ ಕೇಳಬೇಡಿ. ಹತ್ತಕ್ಕಿಂತ ಕಡಿಮೆ ಜನರ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ಪ್ರಕಟಿಸಬೇಡಿ. ಕಾಟ, ಕಿರುಕುಳ, ತನ್ನನ್ನೇ ನೋಯಿಸಿಕೊಳ್ಳುವ ಮಾತು ಉತ್ತರದಲ್ಲಿ ಕಂಡರೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದು ಫಾರಂ ಹಂಚುವ ಮೊದಲೇ ತೀರ್ಮಾನವಾಗಿರಲಿ. ಸಹಾಯ ಎಲ್ಲಿ ಸಿಗುತ್ತದೆ ಎಂಬುದನ್ನು ಫಾರಂನ ಕೊನೆಯಲ್ಲೇ ಅಚ್ಚುಹಾಕಿ.

ಅಂಕಿಗಳನ್ನು ಓದುವುದು

ಲೆಕ್ಕಕ್ಕೆಂದು ‘ತುಂಬ ಅತೃಪ್ತಿ’ಗೆ 1ರಿಂದ ‘ತುಂಬ ತೃಪ್ತಿ’ಗೆ 5ರವರೆಗೆ ಅಂಕ ಕೊಟ್ಟರೂ ಸರಾಸರಿಯನ್ನು ನಂಬಬೇಡಿ. ಹತ್ತು ಮಂದಿಯೂ 3 ಎಂದರೂ ಸರಾಸರಿ 3, ಐವರು 1, ಐವರು 5 ಎಂದರೂ ಸರಾಸರಿ 3. ಮೊದಲನೆಯದು ಉದಾಸೀನ. ಎರಡನೆಯದು ಒಂದೇ ಸೂರಿನಡಿ ಎರಡು ಹಾಸ್ಟೆಲ್. ಪ್ರತಿ ಆಯ್ಕೆಗೆ ಎಷ್ಟು ಜನ ಎಂಬ ಪಟ್ಟಿಯನ್ನೇ ಮುಂದಿಟ್ಟುಕೊಂಡು, ಮಹಡಿವಾರು, ಕೊಠಡಿಯ ಬಗೆವಾರು, ವರ್ಷವಾರು ಒಡೆದು ನೋಡಿ. ಇಡೀ ಕಟ್ಟಡದ ಸಮಸ್ಯೆ ಎಂದುಕೊಂಡದ್ದು ಸ್ನಾನಗೃಹದ ಪಕ್ಕದ ಆರು ಕೊಠಡಿಗಳದ್ದಾಗಿರುವುದು ಅಪರೂಪವಲ್ಲ.

ಆಮೇಲೆ ಒಂದು ಚೌಕ ಬರೆದು ನಾಲ್ಕು ಮನೆ ಮಾಡಿ. ಅಡ್ಡಕ್ಕೆ ತೃಪ್ತಿ, ಲಂಬಕ್ಕೆ ಮುಖ್ಯತೆ. ಮಾರುಕಟ್ಟೆ ಸಂಶೋಧಕರಾದ ಮಾರ್ಟಿಲಾ ಮತ್ತು ಜೇಮ್ಸ್ 1977ರಲ್ಲಿ ಗ್ರಾಹಕರ ಅಭಿಪ್ರಾಯ ತಿಳಿಯಲು ಹೇಳಿಕೊಟ್ಟ ಈ ಉಪಾಯ ಹಾಸ್ಟೆಲ್ಲಿಗೂ ಸಲ್ಲುತ್ತದೆ. ಬಹಳ ಜನ ‘ಮೊದಲು ಇದಾಗಲಿ’ ಎಂದು ಆರಿಸಿದ್ದು, ತೃಪ್ತಿ ಕಡಿಮೆ ಇರುವುದು ಯಾವ ಮನೆಯಲ್ಲಿ ಬೀಳುತ್ತದೋ ಅಲ್ಲಿಂದ ಕೆಲಸ ಶುರು. ತೃಪ್ತಿ ಹೆಚ್ಚು, ಮುಖ್ಯತೆ ಕಡಿಮೆ ಇರುವ ಮನೆಯನ್ನು ನೋಡಿ ಖರ್ಚು ಮೊಟಕು ಮಾಡುವ ಆಸೆ ಬರುತ್ತದೆ. ತಾಳಿ. ನೀರು ಸರಿಯಾಗಿ ಬರುತ್ತಿರುವಷ್ಟು ದಿನ ಅದನ್ನು ಯಾರೂ ಆರಿಸುವುದಿಲ್ಲ, ಎರಡು ದಿನ ನಿಂತರೆ ಅದೊಂದೇ ವಿಷಯ.

ಪ್ರಬಂಧ ಬರೆಯುವವರು ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ತೋರಿಸಲು ಕ್ರಾನ್‌ಬ್ಯಾಕ್ ಆಲ್ಫಾ ಎಂಬ ಸೂಚ್ಯಂಕ ಲೆಕ್ಕ ಹಾಕಬೇಕಾಗುತ್ತದೆ, 0.7ರ ಮೇಲೆ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹಾಸ್ಟೆಲ್ ನಡೆಸುವವರು ಅದರ ಗೊಡವೆಗೆ ಹೋಗಬೇಕಿಲ್ಲ. ಅವರು ನೋಡಬೇಕಾದ್ದು ದೂರು ಪುಸ್ತಕ: ದೂರು ಬಂದ ದಿನ, ಸರಿಯಾದ ದಿನ, ನಡುವಿನ ದಿನಗಳ ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ). ಸಮೀಕ್ಷೆಯಲ್ಲಿ ಅತೃಪ್ತಿ, ಪುಸ್ತಕದಲ್ಲಿ ದೂರೇ ಇಲ್ಲ ಎಂದಾದರೆ ಜನ ದೂರು ಕೊಡುವುದನ್ನೇ ನಿಲ್ಲಿಸಿದ್ದಾರೆ.

ಅಂಕಿಗಳು ಏನಾಗಿದೆ ಎನ್ನುತ್ತವೆ, ಏಕೆ ಎನ್ನುವುದಿಲ್ಲ. ಎದ್ದುಕಂಡ ಎರಡು ಮೂರು ಸಂಗತಿ ಹಿಡಿದು ಆರೇಳು ಮಂದಿಯ ಗುಂಪುಗಳನ್ನು ಕೂರಿಸಿ ಮಾತನಾಡಿಸಿ. ಹೊಸಬರನ್ನೂ ಹಳಬರನ್ನೂ ಒಟ್ಟಿಗೆ ಕೂರಿಸಬೇಡಿ, ಹೊಸಬರ ಬಾಯಿ ಕಟ್ಟುತ್ತದೆ. ಮೊದಲ ಸುತ್ತಿನಲ್ಲಿ ಕಂಡ ಉಪಾಯಗಳನ್ನು ಇಲ್ಲಿ ಎತ್ತಿ: ‘ಬಾಗಿಲ ಸಂದಿಗೆ ಬಟ್ಟೆ ಇಟ್ಟಿರುವುದು ನೋಡಿದೆ, ಏನು ತೊಂದರೆ?’ ಹೀಗೆ ಕೇಳಿದರೆ ‘ಪರವಾಗಿಲ್ಲ’ ಎಂದು ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಉತ್ತರ ಕೊಟ್ಟವರಿಗೆ ಉತ್ತರ

ಫಾರಂ ಮುಚ್ಚಿದ ಮೂರು ವಾರದೊಳಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಹಚ್ಚಿ. ನೀವು ಹೇಳಿದ್ದು ಇದು, ಈ ತಿಂಗಳು ಮಾಡುವುದು ಇದು, ಮಾಡಲಾಗದ್ದು ಇದು ಮತ್ತು ಕಾರಣ ಇದು. ಮೂರನೆಯ ಸಾಲನ್ನು ನುಂಗಬೇಡಿ. ಆಗುವುದಿಲ್ಲ ಎಂದು ಕಾರಣ ಸಹಿತ ಹೇಳಿದವರ ಮೇಲಿನ ನಂಬಿಕೆ, ‘ಪರಿಶೀಲಿಸಲಾಗುವುದು’ ಎಂದವರ ಮೇಲೆ ಇರುವುದಿಲ್ಲ. ಹಾಳೆಯ ಜೊತೆಗೇ ಕಣ್ಣಿಗೆ ಕಾಣುವ ಒಂದು ಚಿಕ್ಕ ಕೆಲಸ, ಓಣಿಯ ಕೆಟ್ಟ ದೀಪವೋ ಒಡೆದ ಬೀಗವೋ, ಅದೇ ವಾರ ಆಗಿಬಿಡಲಿ.

ಆರು ತಿಂಗಳ ಮೇಲೆ ಅದೇ ಪ್ರಶ್ನೆ, ಅದೇ ಮಾತು, ಅದೇ ಆಯ್ಕೆಗಳನ್ನು ಇಟ್ಟುಕೊಂಡು ಮತ್ತೆ ಕೇಳಿ. ಒಂದು ಪದ ಬದಲಿಸಿದರೂ ಹೋಲಿಕೆ ಕೆಡುತ್ತದೆ. ಎರಡನೆಯ ಸಲ ಅಂಕ ಇಳಿದರೆ ಗಾಬರಿ ಬೇಡ. ಒಂದು ದೂರಿಗೆ ಫಲ ಸಿಕ್ಕಿದ್ದನ್ನು ಕಂಡವರು ಇನ್ನೂ ನಾಲ್ಕು ದೂರು ಹೊರತೆಗೆಯುತ್ತಾರೆ, ದೂರು ಪುಸ್ತಕ ದಪ್ಪವಾಗುತ್ತದೆ. ನಾನು ಆಗ ಅಂಕ ಬದಿಗಿಟ್ಟು ಮೂರನ್ನು ನೋಡುತ್ತೇನೆ: ಸದ್ದಿಗೆ ಎಚ್ಚರವಾದ ರಾತ್ರಿಗಳು, ಸರದಿಯಲ್ಲಿ ಕಾದ ನಿಮಿಷಗಳು, ರಿಪೇರಿಗೆ ಹಿಡಿದ ದಿನಗಳು. ಅವು ಇಳಿದಿದ್ದರೆ ಅಂಕ ಏರಲು ಇನ್ನೊಂದು ವರ್ಷ ಕಾಯಬಹುದು.